ಭಿನ್ನಾಭಿಪ್ರಾಯ ಇರಲಿ, ಮಾತು ನಿಲ್ಲದಿರಲಿ

(ಪದವಿ ಪ್ರದಾನ ಸಮಾರಂಭದಲ್ಲಿ ವಿದ್ಯಾರ್ಥಿನಿಯೊಬ್ಬಳು ಮಾಡಿದ ಭಾಷಣ)



ಇವತ್ತು ನಾನು ಮಾತನಾಡಲು ಆರಿಸಿಕೊಂಡ ವಿಷಯ ಇದು: ನಮ್ಮ ಅಭಿಪ್ರಾಯಕ್ಕೆ ಪೂರ್ತಿ ವಿರುದ್ಧವಾದ ಅಭಿಪ್ರಾಯ ಇರುವವರ ಜೊತೆ ಗೌರವದಿಂದ, ಸ್ನೇಹದಿಂದ ಇರುವುದು ಹೇಗೆ? ಹದಿನಾರು ವರ್ಷದವಳು ಹಿರಿಯರ ಮುಂದೆ ಇದನ್ನು ಹೇಳುವುದು ಸ್ವಲ್ಪ ಅಧಿಕಪ್ರಸಂಗ ಎಂದು ನನಗೂ ಗೊತ್ತು. ಆದರೆ ನಾನು ಹೇಳುವುದರಲ್ಲಿ ಹೆಚ್ಚಿನದು ಈ ತರಗತಿಯಲ್ಲೇ ಕಲಿತದ್ದು. ಹಾಗಾಗಿ ಇದನ್ನು ಉಪದೇಶ ಎಂದು ತಿಳಿಯಬೇಡಿ. ಕಲಿತ ಪಾಠವನ್ನು ಒಪ್ಪಿಸುತ್ತಿದ್ದೇನೆ ಎಂದು ತಿಳಿಯಿರಿ.

ನಾವು ಬೆಳೆದ ಊರು ಬಹ್ರೈನ್. ಮನಾಮದ ಹಳೆಯ ಪೇಟೆಯಲ್ಲಿ ಇನ್ನೂರು ವರ್ಷ ಹಳೆಯದಾದ ಶ್ರೀನಾಥಜಿ ದೇವಸ್ಥಾನ ಇದೆ. ಅದೇ ಮನಾಮದಲ್ಲಿ ಮಸೀದಿಗಳಿವೆ, ಮಾತಮ್‌ಗಳಿವೆ, ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಎಂಬತ್ತು ವರ್ಷಕ್ಕೂ ಹಳೆಯದಾದ ಸೇಕ್ರೆಡ್ ಹಾರ್ಟ್ ಚರ್ಚ್ ಇದೆ. 2021ರಲ್ಲಿ ಅವಾಲಿಯಲ್ಲಿ ದೊಡ್ಡ ಕ್ಯಾಥೆಡ್ರಲ್ ತೆರೆಯಿತು. ಮರುವರ್ಷ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದಿದ್ದರು. ನಮ್ಮ ಶಾಲೆಯ ಒಂದೇ ಬೆಂಚಿನಲ್ಲಿ ಮೂರು ಧರ್ಮ, ನಾಲ್ಕು ಭಾಷೆ ಕುಳಿತಿರುತ್ತವೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಗೆಳತಿಯ ಮುಂದೆ ನೀರಿನ ಬಾಟಲಿ ತೆಗೆಯಬಾರದು ಎಂದು ನಮಗೆ ಯಾರೂ ಪಾಠ ಮಾಡಲಿಲ್ಲ. ನೋಡಿ ಕಲಿತೆವು. ಅವಳೂ ಅಷ್ಟೆ, ನಮ್ಮ ಮನೆಗೆ ಬಂದರೆ ದೇವರ ಕೋಣೆಯ ಮುಂದೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ.

ಹಾಗಾದರೆ ಭಿನ್ನವಾದವರ ಜೊತೆ ಬಾಳುವುದು ನಮಗೆ ಚೆನ್ನಾಗಿ ಗೊತ್ತು ಎಂದಾಯಿತು. ಆದರೂ ಒಂದು ವಿಚಿತ್ರ ನೋಡಿದ್ದೇನೆ. ಬೇರೆ ದೇಶ, ಬೇರೆ ಧರ್ಮದವರ ಜೊತೆ ಇಷ್ಟು ಹದವಾಗಿ ಇರುವ ನಾವು, ನಮ್ಮದೇ ಭಾಷೆಯವರ ಜೊತೆ ಅಭಿಪ್ರಾಯ ಬೇರೆಯಾದರೆ ಹದ ತಪ್ಪುತ್ತೇವೆ. ಏಕೆ ಎಂದು ತುಂಬಾ ಯೋಚಿಸಿದೆ. ನನಗೆ ತೋಚಿದ ಕಾರಣ ಇಷ್ಟು: ದೂರದವರು ಬೇರೆ ಇರುತ್ತಾರೆ ಎಂದು ಮೊದಲೇ ಸಿದ್ಧವಾಗಿರುತ್ತೇವೆ. ಹತ್ತಿರದವರು ನಮ್ಮ ಹಾಗೆಯೇ ಇರಬೇಕು ಎಂದುಕೊಂಡಿರುತ್ತೇವೆ. ನಮ್ಮ ಹಾಗೆ ನೀರುದೋಸೆ ತಿನ್ನುವವರು, ನಮ್ಮ ಹಾಗೆ ರಾಜ್‌ಕುಮಾರ್ ಹಾಡು ಹಾಡುವವರು, ಮತ ಮಾತ್ರ ಬೇರೆಯವರಿಗೆ ಹಾಕುತ್ತಾರೆ ಎಂದರೆ ನಮಗೆ ಅದು ಭಿನ್ನಾಭಿಪ್ರಾಯ ಎನಿಸುವುದಿಲ್ಲ. ದ್ರೋಹ ಎನಿಸುತ್ತದೆ.

ನನಗೆ ಗೊತ್ತಿರುವ ಎರಡು ಕುಟುಂಬಗಳಿವೆ. ಯಾರೆಂದು ದಯವಿಟ್ಟು ಹುಡುಕಬೇಡಿ. ಇಬ್ಬರ ಮನೆ ಹತ್ತಿರ ಹತ್ತಿರ. ಒಂದು ವಾರ ಇವರ ಕಾರು, ಒಂದು ವಾರ ಅವರ ಕಾರು ಎಂದು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಊರಿನಿಂದ ಬಂದ ಹಲಸಿನ ಹಪ್ಪಳ ಎರಡು ಪಾಲಾಗುತ್ತಿತ್ತು. ಊರಲ್ಲಿ ಚುನಾವಣೆ ಬಂತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ವಿಡಿಯೊ ಹಾಕಿದರು, ಇನ್ನೊಬ್ಬರು ಅದಕ್ಕೆ ಉತ್ತರ ಕೊಟ್ಟರು. ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಷದ ವಿಷಯ ಹೋಗಿ ಮನೆತನದ ವಿಷಯಕ್ಕೆ ಬಂತು. ಬೆಳಿಗ್ಗೆ ಒಬ್ಬರು ಗುಂಪಿನಿಂದ ಹೊರಗೆ ಹೋದರು. ಮುಂದಿನ ಶುಕ್ರವಾರ ಎರಡು ಕಾರುಗಳು ಬೇರೆ ಬೇರೆಯಾಗಿ ಬಂದವು. ಚುನಾವಣೆ ಮುಗಿಯಿತು, ಸರ್ಕಾರವೂ ಬಂತು. ಆ ಎರಡು ಕಾರುಗಳು ಇವತ್ತಿಗೂ ಬೇರೆ ಬೇರೆಯಾಗಿಯೇ ಬರುತ್ತವೆ. ಮತ ಹಾಕುವ ವಯಸ್ಸೇ ಆಗದ ಮಕ್ಕಳಿಗೆ ಅದರಿಂದ ಹೋದದ್ದು ದಾರಿಯುದ್ದಕ್ಕೂ ಜೊತೆಗಿದ್ದ ಒಬ್ಬ ಗೆಳೆಯ.

ಇದನ್ನು ನೋಡಿದ ಮೇಲೆ ನನಗೊಂದು ಪ್ರಶ್ನೆ ಬಂತು. ನಿಜವಾಗಿಯೂ ದೊಡ್ಡ ವಿಷಯದಲ್ಲಿ, ಸಾವಿರಾರು ಜನರ ಬದುಕನ್ನು ಮುಟ್ಟುವ ವಿಷಯದಲ್ಲಿ ಅಭಿಪ್ರಾಯ ಬೇರೆಯಾದಾಗಲೂ ಸಂಬಂಧ ಉಳಿಸಿಕೊಂಡವರು ನಮ್ಮ ನಾಡಿನಲ್ಲಿ ಇದ್ದಾರೆಯೇ? ಇದ್ದಾರೆ. ಅವರ ಹೆಸರು ನಮಗೆಲ್ಲ ಗೊತ್ತು. ಒಬ್ಬರು ನಾಲ್ವಡಿ ಕೃಷ್ಣರಾಜ ಒಡೆಯರು, ಇನ್ನೊಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಮಹಾರಾಜರೂ ಅವರೂ ಸೇರಿ ಮಾಡಿದ ಕೆಲಸಗಳನ್ನು ನಾವು ಪಾಠದಲ್ಲಿ ಓದಿದ್ದೇವೆ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಇಂದಿನ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಅದರ ಜೊತೆಗೇ ಏಳುತ್ತಿದ್ದ ಕನ್ನಂಬಾಡಿ ಕಟ್ಟೆ. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಜೋಡಿ 1918ರಲ್ಲಿ ಬೇರೆಯಾಯಿತು. ಕಾರಣ ಒಂದು ದೊಡ್ಡ ಭಿನ್ನಾಭಿಪ್ರಾಯ.

ಆಗ ಮೈಸೂರು ಸರ್ಕಾರದ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಉಳಿದ ಸಮುದಾಯಗಳವರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು, ನಮಗೂ ಪಾಲು ಬೇಕು ಎಂದು ಮಹಾರಾಜರನ್ನು ಕೇಳಿದರು. ಅದು ನ್ಯಾಯವಾದ ಕೋರಿಕೆ ಎಂದು ಮಹಾರಾಜರಿಗೆ ಕಂಡಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇಲ್ಲದಂತೆ ಬ್ರಾಹ್ಮಣೇತರರು ಇರಬೇಕು ಎಂದು ಆ ಸಮಿತಿ ಹೇಳಿತು. 1921ರಲ್ಲಿ ಸರ್ಕಾರ ಅದನ್ನು ಒಪ್ಪಿ ಆದೇಶ ಹೊರಡಿಸಿತು. ಇಂದಿನ ಮೀಸಲಾತಿಯ ಕಥೆಯಲ್ಲಿ ಇದು ಬಹಳ ಮುಂಚಿನ ಅಧ್ಯಾಯ.

ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಹುದ್ದೆಗೆ ಯೋಗ್ಯತೆಯೇ ಅಳತೆಗೋಲು ಆಗಬೇಕು, ಹಿಂದುಳಿದವರಿಗೆ ಶಾಲೆ ಮತ್ತು ವಿದ್ಯಾರ್ಥಿವೇತನ ಕೊಟ್ಟು ಮೇಲೆ ತರಬೇಕು, ಅಳತೆಗೋಲನ್ನೇ ಬದಲಿಸಿದರೆ ಆಡಳಿತ ಕೆಡುತ್ತದೆ ಎಂಬುದು ಅವರ ವಾದ. ಮಹಾರಾಜರ ದಾರಿ ಅದಲ್ಲ ಎಂದು ತಿಳಿದಾಗ ಅವರು ದಿವಾನಗಿರಿ ಬಿಟ್ಟರು. ಅವರಾದ ಮೇಲೆ ಕಾಂತರಾಜೇ ಅರಸರು ದಿವಾನರಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಇದು ಒಂದು ಜಗಳದ ಕಥೆ. ಆದರೆ ಮುಂದೆ ಏನಾಯಿತು ನೋಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಆರಂಭದಲ್ಲೇ ಕಷ್ಟಕ್ಕೆ ಸಿಕ್ಕಿಕೊಂಡಿತು. ಅದನ್ನು ಎತ್ತಿ ನಿಲ್ಲಿಸಲು ಮೈಸೂರು ಸರ್ಕಾರ ಯಾರನ್ನು ಕರೆಯಿತು? ವಿಶ್ವೇಶ್ವರಯ್ಯನವರನ್ನೇ. ಅವರು ಬಂದರು. ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರ ತನಕ ಆ ಕಾರ್ಖಾನೆಗೆ ದುಡಿದರು. ಮಿಲ್ಲರ್ ಸಮಿತಿಯ ಆದೇಶವನ್ನು ಮಹಾರಾಜರು ಹಿಂದಕ್ಕೆ ಪಡೆದಿರಲಿಲ್ಲ. ವಿಶ್ವೇಶ್ವರಯ್ಯನವರೂ ತಮ್ಮ ಅಭಿಪ್ರಾಯ ಬದಲಿಸಿರಲಿಲ್ಲ. ಭಿನ್ನಾಭಿಪ್ರಾಯ ಇದ್ದ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಕೆಲಸ ನಡೆಯಿತು.

ಮಂಡ್ಯ ಕಡೆಯವರು ಇಲ್ಲಿ ಅನೇಕರಿದ್ದೀರಿ. ನಿಮಗೆ ಗೊತ್ತು, ಕನ್ನಂಬಾಡಿಯ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಕೃಷ್ಣರಾಜಸಾಗರ ಎಂದು ಹೆಸರು. ಅಲ್ಲಿಂದ ನಿಮ್ಮ ಗದ್ದೆಗಳಿಗೆ ಬರುವ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ಅಣೆಕಟ್ಟಿಗೆ ಒಬ್ಬರ ಹೆಸರು, ನಾಲೆಗೆ ಇನ್ನೊಬ್ಬರ ಹೆಸರು. ಗದ್ದೆಗೆ ಬರುವ ನೀರು ಒಂದೇ.

ಈ ಇಬ್ಬರಲ್ಲಿ ಯಾರು ಸರಿ? ಈ ಪ್ರಶ್ನೆಯನ್ನು ನಮ್ಮ ಶಿಕ್ಷಕಿ ತರಗತಿಯಲ್ಲಿ ಚರ್ಚೆಗೆ ಇಟ್ಟರು. ಅವರದು ಒಂದು ನಿಯಮ ಇತ್ತು. ಚೀಟಿ ಎತ್ತಿ, ಯಾವ ಪಕ್ಷ ಬರುತ್ತದೋ ಆ ಪಕ್ಷಕ್ಕೆ ಮಾತನಾಡಬೇಕು. ನನಗೆ ಮಹಾರಾಜರ ನಿರ್ಧಾರವೇ ಸರಿ ಎಂದು ಗಟ್ಟಿಯಾಗಿ ಅನಿಸಿತ್ತು. ಓದುವುದಕ್ಕೇ ಅವಕಾಶ ಸಿಗದವರನ್ನು, ತಲೆಮಾರುಗಳಿಂದ ಓದುತ್ತಾ ಬಂದವರ ಜೊತೆ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿ ಎಂದರೆ ಅದು ಸ್ಪರ್ಧೆಯಲ್ಲ ಎಂಬುದು ನನ್ನ ವಾದ. ಚೀಟಿಯಲ್ಲಿ ಬಂದದ್ದು ವಿಶ್ವೇಶ್ವರಯ್ಯನವರ ಪಕ್ಷ!

ಅವರ ಪರವಾಗಿ ಮಾತನಾಡಬೇಕಾದರೆ ಅವರ ಕಡೆಯಿಂದ ನೋಡಲೇಬೇಕಲ್ಲ. ಓದಿದೆ. ಅವರು ಹಿಂದುಳಿದವರ ವಿರೋಧಿಯಾಗಿ ಮಾತನಾಡುತ್ತಿದ್ದಾರೆ ಎಂದು ನಾನು ಮೊದಲು ಅಂದುಕೊಂಡಿದ್ದೆ. ಆದರೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಮೈಸೂರಿಗೆ ಬಂದದ್ದು ಅವರ ಕಾಲದಲ್ಲೇ, 1913ರಲ್ಲಿ. ಬಡ ರಾಜ್ಯವೊಂದು ಬೇಗ ಬೆಳೆಯಬೇಕು ಎಂಬ ಆತುರ ಅವರಿಗೆ. ಎಲ್ಲರೂ ಮೇಲೆ ಬರಬೇಕು ಎಂದು ಇಬ್ಬರೂ ಬಯಸಿದ್ದರು. ಯಾವ ಬಾಗಿಲಿನಿಂದ ಬರಬೇಕು ಎಂಬುದರಲ್ಲಿ ಜಗಳ. ಚರ್ಚೆ ಮುಗಿದ ಮೇಲೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ನಾನು ಇವತ್ತಿಗೂ ಮಹಾರಾಜರ ಪಕ್ಷವೇ. ಆದರೆ ಆಚೆ ಪಕ್ಷದವರು ಮೂರ್ಖರು ಅಥವಾ ಕೆಟ್ಟವರು ಎಂದು ಹೇಳಲು ನನ್ನಿಂದ ಇನ್ನು ಆಗುವುದಿಲ್ಲ. ನಮ್ಮ ಅಪ್ಪ ಇಂಜಿನಿಯರ್. ನಮ್ಮ ಮನೆಯ ಹಾಲ್‌ನಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇದೆ. ಈ ವಿಷಯದಲ್ಲಿ ಊಟದ ಹೊತ್ತಿಗೆ ನಮ್ಮಿಬ್ಬರ ವಾದ ಎಷ್ಟೋ ಸಲ ನಡೆದಿದೆ. ಊಟ ಒಂದು ದಿನವೂ ನಿಂತಿಲ್ಲ. ಫೋಟೊವನ್ನು ಒರೆಸುವವಳೂ ನಾನೇ.

ವಿಶ್ವೇಶ್ವರಯ್ಯನವರ ಬದುಕಿನಲ್ಲೇ ಇಂಥದ್ದು ಇನ್ನೊಂದು ಸಲ ನಡೆಯಿತು. ಈ ಸಲ ಎದುರಿಗಿದ್ದವರು ಮಹಾತ್ಮ ಗಾಂಧೀಜಿ. ದೊಡ್ಡ ದೊಡ್ಡ ಯಂತ್ರ, ದೊಡ್ಡ ಕಾರ್ಖಾನೆ ಬರದೆ ಭಾರತದ ಬಡತನ ಹೋಗದು ಎಂದು ವಿಶ್ವೇಶ್ವರಯ್ಯನವರು. ಹಳ್ಳಿಯ ಕೈಗೆ ಕೆಲಸ ಕೊಡಬೇಕು, ಯಂತ್ರ ಆ ಕೆಲಸ ಕಸಿಯಬಾರದು ಎಂದು ಗಾಂಧೀಜಿ. 1934ರಲ್ಲಿ ವಿಶ್ವೇಶ್ವರಯ್ಯನವರು ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಎಂದು ಪುಸ್ತಕ ಬರೆದರು. ಅದೇ ವರ್ಷ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪಿಸಿದರು. ಒಂದೇ ವರ್ಷ, ಎರಡು ತದ್ವಿರುದ್ಧ ದಾರಿ.

ಆದರೆ ಅದಕ್ಕೆ ಏಳು ವರ್ಷ ಮೊದಲು, 1927ರಲ್ಲಿ, ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ, ಆಮೇಲೆ ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮಾಡುತ್ತಾ ಭದ್ರಾವತಿಗೂ ಹೋದರು. ಚರಕದ ಗಾಂಧೀಜಿ ಕಬ್ಬಿಣದ ಕಾರ್ಖಾನೆಯನ್ನು ನೋಡಿ, ಅದರ ಹಿಂದಿದ್ದ ವಿಶ್ವೇಶ್ವರಯ್ಯನವರನ್ನು ಮನಸಾರೆ ಹೊಗಳಿದರು. ಮುಂದೆ 1937ರಲ್ಲಿ ಒಡಿಶಾದಲ್ಲಿ ಭೀಕರ ಪ್ರವಾಹ ಬಂದಾಗ, ಅದಕ್ಕೆ ಪರಿಹಾರ ಏನೆಂದು ನೋಡಿ ಹೇಳಲು ಗಾಂಧೀಜಿ ಕೇಳಿಕೊಂಡದ್ದು ಇದೇ ವಿಶ್ವೇಶ್ವರಯ್ಯನವರನ್ನು. ಆಗ ಅವರಿಗೆ ಎಪ್ಪತ್ತು ದಾಟಿ ಐದಾರು ವರ್ಷ ಆಗಿತ್ತು. ಒಪ್ಪಿದರು, ಹೋಗಿ ನೋಡಿದರು, ವರದಿ ಕೊಟ್ಟರು. ಮೊದಲು ಯಂತ್ರದ ವಿಷಯ ಇತ್ಯರ್ಥ ಆಗಲಿ, ಆಮೇಲೆ ಪ್ರವಾಹದ ವಿಷಯ ಮಾತನಾಡೋಣ ಎಂದು ಇಬ್ಬರೂ ಹೇಳಲಿಲ್ಲ. ನೀರು ಮನೆಯೊಳಗೆ ಬಂದವರಿಗೆ ಅಷ್ಟು ಕಾಯಲು ಆಗುವುದಿಲ್ಲ.

ಈ ಎರಡು ಕಥೆಗಳಿಂದ ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳುತ್ತೇನೆ.

ಒಂದು, ಗೌರವ ಎಂದರೆ ಸುಮ್ಮನಿರುವುದಲ್ಲ. ವಿಶ್ವೇಶ್ವರಯ್ಯನವರು ಮಹಾರಾಜರ ಮುಂದೆ ಹೂಂ ಎಂದು ತಲೆಯಾಡಿಸಿ ಹೊರಗೆ ಬಂದು ಗೊಣಗಲಿಲ್ಲ. ಇಲ್ಲ ಎಂದು ಎದುರಿಗೇ ಹೇಳಿ ಹುದ್ದೆ ಬಿಟ್ಟರು. ನಮ್ಮಲ್ಲಿ ಅನೇಕರು ಸ್ನೇಹ ಉಳಿಯಲಿ ಎಂದು ರಾಜಕೀಯ ಬೇಡ, ಜಾತಿಯ ಮಾತು ಬೇಡ, ಭಾಷೆಯ ಮಾತು ಬೇಡ ಎನ್ನುತ್ತಾರೆ. ಕೊನೆಗೆ ಉಳಿಯುವುದು ಚಿನ್ನದ ಬೆಲೆ ಮತ್ತು ವಿಮಾನದ ಟಿಕೆಟ್ ಬೆಲೆ ಎರಡೇ ವಿಷಯ. ಮಾತನಾಡದೆ ಉಳಿಸಿಕೊಂಡ ಸ್ನೇಹ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು.

ಎರಡು, ಎದುರಿನವರ ವಾದವನ್ನು ಅವರೇ ಹೌದು, ನಾನು ಹೇಳುವುದು ಅದನ್ನೇ ಎನ್ನುವಷ್ಟು ಸರಿಯಾಗಿ ಹೇಳಲು ಬರಬೇಕು. ಅದು ಬಾರದ ತನಕ ನಾವು ವಿರೋಧಿಸುತ್ತಿರುವುದು ಅವರನ್ನಲ್ಲ, ನಾವೇ ಮಾಡಿಕೊಂಡ ಬೆದರುಬೊಂಬೆಯನ್ನು. ಇದಕ್ಕೆ ವಾಟ್ಸಾಪ್ ಸರಿಯಾದ ಜಾಗ ಅಲ್ಲ. ಅಲ್ಲಿ ಮುಖ ಕಾಣುವುದಿಲ್ಲ, ನೂರು ಜನ ನೋಡುತ್ತಿರುತ್ತಾರೆ, ಸೋತಂತೆ ಕಾಣಬಾರದು ಎಂಬ ಹಟ ಇರುತ್ತದೆ. ಅದೇ ಮಾತನ್ನು ಇಬ್ಬರೇ ಕುಳಿತು ಒಂದು ಕಡಕ್ ಚಹಾ ಕುಡಿಯುತ್ತಾ ಆಡಿದರೆ ಅರ್ಧ ಜಗಳ ಆಗುವುದೇ ಇಲ್ಲ.

ಮೂರು, ಜೊತೆಗೆ ಮಾಡುವ ಕೆಲಸವನ್ನು ನಿಲ್ಲಿಸಬಾರದು. ನನಗೆ ಇದು ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಮಹಾರಾಜರನ್ನೂ ವಿಶ್ವೇಶ್ವರಯ್ಯನವರನ್ನೂ ಜೋಡಿಸಿದ್ದು ಒಪ್ಪಂದವಲ್ಲ, ಕಾರ್ಖಾನೆ. ಗಾಂಧೀಜಿಯವರನ್ನೂ ಅವರನ್ನೂ ಜೋಡಿಸಿದ್ದು ಪ್ರವಾಹ. ನಮ್ಮನ್ನು ಜೋಡಿಸುವುದು ಈ ಶಾಲೆ, ರಾಜ್ಯೋತ್ಸವದ ನಾಟಕ, ಯಾರಿಗೋ ಆಸ್ಪತ್ರೆಯಲ್ಲಿ ಬೇಕಾದ ರಕ್ತ, ಊರಿಗೆ ತುರ್ತಾಗಿ ಹೋಗಬೇಕಾದವರ ಟಿಕೆಟ್. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕುಳಿತಾಗ ಬಾಗಿಲಿಗೆ ಅಕ್ಕಿ ಬೇಳೆ ತಂದಿಟ್ಟವರನ್ನು ಯಾರೂ ನೀವು ಯಾವ ಪಕ್ಷ ಎಂದು ಕೇಳಲಿಲ್ಲ. ಅವರೂ ನಮ್ಮನ್ನು ಕೇಳಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಯಾರು ಏನು ಹೇಳಿದರೂ ಗೌರವ ಕೊಡಬೇಕೇ? ಹಾಗಲ್ಲ ಎಂದು ನನ್ನ ಅನಿಸಿಕೆ. ಒಬ್ಬರ ಹುಟ್ಟನ್ನು, ಬಣ್ಣವನ್ನು, ಜಾತಿಯನ್ನು, ಧರ್ಮವನ್ನು ಹಿಡಿದು ಹೀಯಾಳಿಸುವುದು ಅಭಿಪ್ರಾಯ ಅಲ್ಲ, ಅವಮಾನ. ಅದನ್ನು ಕೇಳಿಯೂ ನಗುತ್ತಾ ಕುಳಿತರೆ ಅದು ಸ್ನೇಹವೂ ಅಲ್ಲ. ಅದು ತಪ್ಪು ಎಂದು ಹೇಳಬೇಕು. ಹಿರಿಯರಾದರೂ ಹೇಳಬೇಕು. ಆದರೆ ಹೇಳುವಾಗ ನಾವೂ ಅದೇ ಭಾಷೆ ಬಳಸಬಾರದು. ಮತ್ತೆ ಮಾತನಾಡಲು ಒಂದು ಬಾಗಿಲು ತೆರೆದಿಟ್ಟು ಹೇಳಬೇಕು. ಇದು ಕಷ್ಟ. ನನಗೂ ಇನ್ನೂ ಅಭ್ಯಾಸ ಆಗುತ್ತಿದೆ.

ಈ ವಿಷಯ ನಮ್ಮ ಭಾಷೆಗೆ ಹೊಸದೇನೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಬೇರೆಯವರ ವಿಚಾರವನ್ನೂ ಬೇರೆಯವರ ಧರ್ಮವನ್ನೂ ಸೈರಿಸಿಕೊಳ್ಳಬಲ್ಲ ಗುಣವೇ ನಿಜವಾದ ಚಿನ್ನ ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ನಮ್ಮ ಶಿಕ್ಷಕಿ ಇದನ್ನು ಹೇಳಿಕೊಟ್ಟ ದಿನ ನನಗೆ ಆಶ್ಚರ್ಯವಾಯಿತು. ಸೈರಿಸಬೇಕಾದದ್ದು ಧರ್ಮವನ್ನು ಮಾತ್ರ ಎಂದು ಅಲ್ಲಿಲ್ಲ. ವಿಚಾರವನ್ನೂ ಎಂದಿದೆ. ಚಿನ್ನದ ಅಂಗಡಿಗಳ ಈ ಊರಿನಲ್ಲಿ, ಮನಾಮದ ಗೋಲ್ಡ್ ಸಿಟಿಗೆ ಎಷ್ಟೋ ಸಲ ಹೋಗಿರುವ ನಮಗೆ, ಈ ಹೋಲಿಕೆ ಬೇಗ ಅರ್ಥವಾಗಬೇಕು.

ಇನ್ನು ನನ್ನದೊಂದು ಕೋರಿಕೆ. ನಮ್ಮಲ್ಲಿ ಹೆಚ್ಚಿನವರು ಇನ್ನೆರಡು ವರ್ಷದಲ್ಲಿ ಕಾಲೇಜಿಗೆಂದು ಬಹ್ರೈನ್ ಬಿಟ್ಟು ಹೋಗುತ್ತೇವೆ. ಬೆಂಗಳೂರು, ಮಂಗಳೂರು, ಇನ್ನೂ ದೂರದ ದೇಶ ಯಾವುದೂ ಆಗಬಹುದು. ಅಲ್ಲಿ ನಮ್ಮ ಹಾಗೆ ಯೋಚಿಸದವರು ಬಹಳ ಜನ ಸಿಗುತ್ತಾರೆ. ಅವರ ಜೊತೆ ಹೇಗಿರಬೇಕು ಎಂದು ನಮಗೆ ಯಾವ ಪುಸ್ತಕವೂ ನಿಮ್ಮಷ್ಟು ಚೆನ್ನಾಗಿ ಕಲಿಸುವುದಿಲ್ಲ. ನೀವು ಫೋನ್‌ನಲ್ಲಿ ವಾದ ಮಾಡುವುದನ್ನು ನಾವು ಹಿಂದಿನ ಸೀಟಿನಲ್ಲಿ ಕುಳಿತು ಕೇಳುತ್ತೇವೆ. ಫೋನ್ ಇಟ್ಟ ಮೇಲೆ ಆ ಮನುಷ್ಯನ ಬಗ್ಗೆ ನೀವು ಆಡುವ ಮಾತನ್ನೂ ಕೇಳುತ್ತೇವೆ. ಅದೇ ನಮ್ಮ ಪಾಠ.

ಆದ್ದರಿಂದ ದಯವಿಟ್ಟು ವಾದ ಮಾಡಿ, ಜೋರಾಗಿಯೇ ಮಾಡಿ, ನಮ್ಮ ಮುಂದೆಯೇ ಮಾಡಿ. ಆದರೆ ವಾದ ಮಾಡಿದ ಮರುದಿನ ಅವರಿಗೆ ಫೋನ್ ಮಾಡುವುದನ್ನೂ ನಮ್ಮ ಮುಂದೆಯೇ ಮಾಡಿ. ನಿಮ್ಮ ಭಾಷೆ, ನಿಮ್ಮ ಹಾಡು, ನಿಮ್ಮ ಅಡುಗೆ ಎಲ್ಲವನ್ನೂ ನಮಗೆ ಕೊಟ್ಟಿದ್ದೀರಿ. ಸಂತೋಷದಿಂದ ತೆಗೆದುಕೊಂಡಿದ್ದೇವೆ. ನಿಮ್ಮ ಜಗಳವನ್ನು ಮಾತ್ರ ನಮಗೆ ಆಸ್ತಿಯಾಗಿ ಬರೆದುಕೊಡಬೇಡಿ. ಮತ್ತು ಯಾರ ಜೊತೆಯಾದರೂ ಮಾತು ಬಿಟ್ಟಿದ್ದರೆ, ಇವತ್ತು ಊಟದ ಸಾಲಿನಲ್ಲಿ ಅವರೂ ನಿಂತಿರಬಹುದು. ಅಭಿಪ್ರಾಯ ಬದಲಿಸಬೇಕಾಗಿಲ್ಲ. ಮಕ್ಕಳು ಹೇಗಿದ್ದಾರೆ ಎಂದು ಕೇಳಿದರೆ ಸಾಕು.